ಹಾರ್ಮೋನ್ ನಿಂತ ಮೇಲೂ ಉಳಿಯುವ ಕೋಶಗಳ ಜೊತೆ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಪುರುಷ ಹಾರ್ಮೋನನ್ನು ನೆಚ್ಚಿಕೊಂಡು ಬೆಳೆಯುತ್ತದೆ ಎಂಬುದನ್ನು ಶಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ 1941ರಲ್ಲಿ ತೋರಿಸಿದರು. ವೃಷಣಗಳನ್ನು ತೆಗೆದರೆ ಅಥವಾ ಅವುಗಳ ಕೆಲಸವನ್ನು ಔಷಧದಿಂದ ನಿಲ್ಲಿಸಿದರೆ ಮೂಳೆಗೆ ಹರಡಿದ ಕಾಯಿಲೆಯೂ ಕುಗ್ಗುತ್ತದೆ. ಈ ಕೆಲಸಕ್ಕಾಗಿ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನ ಚಿಕಿತ್ಸೆ ಇಂದಿಗೂ ಬಹುಮಟ್ಟಿಗೆ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ಹಾಗೆ ಕುಗ್ಗಿದ ಕಾಯಿಲೆ ಕೆಲವು ತಿಂಗಳುಗಳ ಅಥವಾ ವರ್ಷಗಳ ನಂತರ, ರಕ್ತದಲ್ಲಿ ಹಾರ್ಮೋನ್ ಇಲ್ಲವೆನ್ನುವಷ್ಟು ಕಡಿಮೆ ಇರುವಾಗಲೇ, ಬಹುಪಾಲು ಜನರಲ್ಲಿ ಮತ್ತೆ ತಲೆಯೆತ್ತುತ್ತದೆ. ಈ ನಡುವಿನ ಅವಧಿಯಲ್ಲಿ ಉಳಿದುಕೊಂಡ ಕೋಶಗಳು ಏನು ಮಾಡುತ್ತಿರುತ್ತವೆ? ಆ ದೊಡ್ಡ ಪ್ರಶ್ನೆಯ ಒಂದು ಸಣ್ಣ ತುಂಡನ್ನು ಹಿಡಿದುಕೊಂಡು ಬೆಂಗಳೂರಿನ ಬಳ್ಳಾರಿ ರಸ್ತೆಯ ಕಡೆಯ ಒಂದು ಲ್ಯಾಬಿನಲ್ಲಿ ನಾನು ಪಿಎಚ್.ಡಿ.ಗೆ ಸೇರಿದೆ. ಅಲ್ಲಿ ಕೈಯಾರೆ ಮಾಡಿ ನೋಡಿದ್ದನ್ನು, ಅದೇ ಅವಧಿಯಲ್ಲಿ ನಮ್ಮ ಮನೆಯವರೊಬ್ಬರಿಗೇ ಈ ಕಾಯಿಲೆ ಬಂದಾಗ ಅರ್ಥಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಕೊಟ್ಟ ವಿಷಯ ಕೋಶದ ಒಳಗಿನ ಒತ್ತಡ. ಪ್ರಾಸ್ಟೇಟ್ ಒಂದು ಸ್ರವಿಸುವ ಗ್ರಂಥಿ. ಅದರ ಕೋಶಗಳು ವೀರ್ಯದ್ರವಕ್ಕೆ ಬೇಕಾದ ಪ್ರೋಟೀನುಗಳನ್ನು ದಿನವಿಡೀ ತಯಾರಿಸಿ ಹೊರಗೆ ಕಳುಹಿಸುತ್ತವೆ. ರಕ್ತಪರೀಕ್ಷೆಯಲ್ಲಿ ನಾವು ಅಳೆಯುವ ಪಿಎಸ್‌ಎ ಅಂಥದ್ದೇ ಒಂದು ಪ್ರೋಟೀನ್. ಇವು ಹೊರಗೆ ಹೋಗುವ ಮೊದಲು ಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲದಲ್ಲಿ ಸರಿಯಾದ ಆಕಾರಕ್ಕೆ ಮಡಿಚಿಕೊಳ್ಳಬೇಕು. ಬೇಡಿಕೆ ಹೆಚ್ಚಾದಾಗ, ಆಮ್ಲಜನಕ ಸಾಲದಾದಾಗ, ಸಕ್ಕರೆ ಅಂಶ ಕಡಿಮೆಯಾದಾಗ ಮಡಿಚಿಕೊಳ್ಳದ ಪ್ರೋಟೀನುಗಳು ಅಲ್ಲಿ ರಾಶಿ ಬೀಳುತ್ತವೆ. ಮದುವೆ ಮನೆಯಲ್ಲಿ ಎಣಿಸಿದ್ದಕ್ಕಿಂತ ದುಪ್ಪಟ್ಟು ಜನ ಬಂದಾಗ ಅಡುಗೆಯ ಭಟ್ಟರು ಮೊದಲು ಮುಂದಿನ ಪಂಕ್ತಿಯನ್ನು ತಡೆಯುತ್ತಾರೆ, ಇನ್ನೆರಡು ಒಲೆ ಹೂಡಿಸುತ್ತಾರೆ, ಕೆಟ್ಟದ್ದನ್ನು ಹೊರಗೆ ಚೆಲ್ಲಿಸುತ್ತಾರೆ. ಕೋಶವೂ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಪರ್ಕ್ ಎಂಬ ಪ್ರೋಟೀನ್ ಹೊಸ ತಯಾರಿಕೆಯನ್ನು ತಗ್ಗಿಸುತ್ತದೆ, ಐಆರ್‌ಇ1 ಮತ್ತು ಎಟಿಎಫ್6 ಎಂಬ ಇನ್ನೆರಡು ಮಡಿಚುವ ಸಾಮರ್ಥ್ಯವನ್ನೂ ಕೆಟ್ಟದ್ದನ್ನು ವಿಲೇವಾರಿ ಮಾಡುವ ವ್ಯವಸ್ಥೆಯನ್ನೂ ಹೆಚ್ಚಿಸುತ್ತವೆ. ಇಷ್ಟಾದರೂ ಹೊರೆ ಇಳಿಯದಿದ್ದರೆ ಅದೇ ವ್ಯವಸ್ಥೆ ಕೋಶವನ್ನು ಸಾವಿನ ಕಡೆಗೆ ತಳ್ಳುತ್ತದೆ. ಬದುಕಿಸುವುದೂ ಕೊಲ್ಲುವುದೂ ಒಂದೇ ವ್ಯವಸ್ಥೆಯಾಗಿರುವುದರಿಂದಲೇ ಇದನ್ನು ಅಭ್ಯಾಸ ಮಾಡುವುದು ಕಷ್ಟ, ಇದರಿಂದ ಔಷಧ ಮಾಡುವುದು ಇನ್ನೂ ಕಷ್ಟ.

ಮೊದಲ ಕೆಲಸ ಕೋಶಗಳನ್ನು ಬೆಳೆಸುವುದು. ನಾನು ಹೆಚ್ಚಾಗಿ ಬಳಸಿದ್ದು ಎಲ್‌ಎನ್‌ಕ್ಯಾಪ್ ಎಂಬ ಕೋಶಗಳನ್ನು. ಇವು 1977ರಲ್ಲಿ ಐವತ್ತು ವರ್ಷದ ಒಬ್ಬ ರೋಗಿಯ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹರಡಿದ್ದ ಕ್ಯಾನ್ಸರ್‌ನಿಂದ ಬಂದವು. ಪುರುಷ ಹಾರ್ಮೋನಿಗೆ ಇಂದಿಗೂ ಸ್ಪಂದಿಸುತ್ತವೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತೆಗೆದ ಟ್ಯೂಬನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಫ್ಲಾಸ್ಕಿಗೆ ಹಾಕಿದ ಮೇಲೆ ಇವು ನಿಧಾನವಾಗಿ ತಳಕ್ಕೆ ಅಂಟಿಕೊಳ್ಳುತ್ತವೆ, ಆದರೆ ಆ ಅಂಟು ಬಹಳ ಸಡಿಲ. ಮೀಡಿಯಂ, ಅಂದರೆ ಕೋಶಗಳು ಬೆಳೆಯುವ ಪೋಷಕ ದ್ರವ, ಬದಲಿಸುವಾಗ ಪಿಪೆಟ್ಟಿನ ಧಾರೆ ನೇರವಾಗಿ ತಳಕ್ಕೆ ಬಿದ್ದರೆ ಸಾಕು, ಹಾಳೆ ಹಾಳೆಯಾಗಿ ಎದ್ದು ತೇಲಿಬಿಡುತ್ತವೆ. ಆದ್ದರಿಂದ ಫ್ಲಾಸ್ಕನ್ನು ಓರೆ ಮಾಡಿ, ಕೋಶಗಳಿಲ್ಲದ ಗೋಡೆಯ ಮೇಲೆ ದ್ರವವನ್ನು ಇಳಿಬಿಡುವುದನ್ನು ರೂಢಿ ಮಾಡಿಕೊಳ್ಳಬೇಕು. ನಮ್ಮ ಗೈಡ್ ಮೊದಲ ವಾರವೇ ಹೇಳಿದ್ದರು: "ಆರೋಗ್ಯವಾಗಿರೋ ಕೋಶ ಹೇಗಿರುತ್ತೆ ಅಂತ ಕಣ್ಣಿಗೆ ಚೆನ್ನಾಗಿ ಅಭ್ಯಾಸ ಆಗ್ಲಿ. ಆಮೇಲೆ ಸ್ಟ್ರೆಸ್ ಕೊಡೋಣ. ಇಲ್ಲದಿದ್ರೆ ನೀವು ಕೊಟ್ಟ ಸ್ಟ್ರೆಸ್ ಯಾವುದು, ಅದಾಗೇ ಬಂದಿದ್ದು ಯಾವುದು ಅಂತ ಗೊತ್ತಾಗಲ್ಲ." ಆ ಮಾತಿನ ತೂಕ ನನಗೆ ತಿಂಗಳುಗಳು ಕಳೆದಂತೆ ತಿಳಿಯಿತು. ಮೀಡಿಯಂ ಹಳತಾದರೂ, ಕೋಶಗಳು ಒತ್ತೊತ್ತಾಗಿ ತುಂಬಿಕೊಂಡರೂ, ಇನ್ಕ್ಯುಬೇಟರಿನ ಬಾಗಿಲು ತುಸು ಹೊತ್ತು ತೆರೆದಿದ್ದರೂ ಕೋಶಕ್ಕೆ ಅದು ಒತ್ತಡವೇ.

ಹಾರ್ಮೋನ್ ಇಲ್ಲದ ಸ್ಥಿತಿಯನ್ನು ಫ್ಲಾಸ್ಕಿನಲ್ಲಿ ತರುವುದಕ್ಕೂ ಒಂದು ಕ್ರಮವಿದೆ. ಕೋಶಗಳಿಗೆ ಕೊಡುವ, ರಕ್ತದ ತಿಳಿಭಾಗವಾದ ಸೀರಮ್‌ನಲ್ಲಿ ಸಹಜವಾಗಿಯೇ ಹಾರ್ಮೋನುಗಳಿರುತ್ತವೆ; ಇದ್ದಿಲಿನ ಪುಡಿಯಿಂದ ಅವನ್ನು ಹೀರಿಸಿ ತೆಗೆದ ಸೀರಮ್ಮನ್ನು ಬಳಸಬೇಕು. ಮೀಡಿಯಂಗೆ ಗುಲಾಬಿ ಬಣ್ಣ ಕೊಡುವ ಫಿನಾಲ್ ರೆಡ್ ಕೂಡ ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ನಿನಂತೆ ದುರ್ಬಲವಾಗಿ ವರ್ತಿಸುವುದರಿಂದ ಅದೂ ಇರಬಾರದು, ಏಕೆಂದರೆ ಎಲ್‌ಎನ್‌ಕ್ಯಾಪ್‌ನ ಹಾರ್ಮೋನ್ ಗ್ರಾಹಕದಲ್ಲಿ, ಅಂದರೆ ಹಾರ್ಮೋನನ್ನು ಹಿಡಿಯುವ ಪ್ರೋಟೀನಿನಲ್ಲಿ, ಇರುವ ಒಂದು ರೂಪಾಂತರದ ಕಾರಣ ಅದು ಈಸ್ಟ್ರೋಜನ್ನಿಗೂ ಮೋಸಹೋಗುತ್ತದೆ. ಇಂಥ ಬಣ್ಣವಿಲ್ಲದ, ಹಾರ್ಮೋನಿಲ್ಲದ ಮೀಡಿಯಂನಲ್ಲಿ ಕೆಲವನ್ನು ಹಾಗೆಯೇ ಬಿಟ್ಟು, ಇನ್ನು ಕೆಲವಕ್ಕೆ ಆರ್1881 ಎಂಬ ಕೃತಕ ಹಾರ್ಮೋನನ್ನು ಕೊಟ್ಟು ಹೋಲಿಸಿ ನೋಡುವುದು ನನ್ನ ಮೊದಲ ಪ್ರಯೋಗವಾಗಿತ್ತು.

ಐಆರ್‌ಇ1 ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸೊಗಸಾದ ಒಂದು ದಾರಿ ಇದೆ. ಅದು ಎಚ್ಚೆತ್ತಾಗ ಎಕ್ಸ್‌ಬಿಪಿ1 ಎಂಬ ಜೀನಿನ ಸಂದೇಶವಾಹಕ ಆರ್‌ಎನ್‌ಎಯಿಂದ ಕೇವಲ 26 ಅಕ್ಷರಗಳನ್ನು ಕತ್ತರಿಸಿ ತೆಗೆಯುತ್ತದೆ. ಕತ್ತರಿಸಿದ ಆರ್‌ಎನ್‌ಎಯಿಂದ ಹುಟ್ಟುವ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಯ ಜೀನುಗಳನ್ನು ಚಾಲೂ ಮಾಡುತ್ತದೆ. ಕೋಶಗಳಿಂದ ಆರ್‌ಎನ್‌ಎ ತೆಗೆದು, ಪಿಸಿಆರ್ ವಿಧಾನದಿಂದ ಅದರ ಪ್ರತಿಗಳನ್ನು ಹೆಚ್ಚಿಸಿ, ದಪ್ಪನೆಯ ಅಗರೋಸ್ ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡುವ ಹಾಗೆ ನಿಧಾನವಾಗಿ ಓಡಿಸಿದರೆ ಎರಡು ಬ್ಯಾಂಡುಗಳು ಬಿಡಿಬಿಡಿಯಾಗಿ ಕಾಣುತ್ತವೆ: ಮೇಲಿನದು ಕತ್ತರಿಸದ ರೂಪ, ಅದರ ಕೆಳಗೆ ಕೂದಲೆಳೆಯಷ್ಟು ಅಂತರದಲ್ಲಿ ಕತ್ತರಿಸಿದ ರೂಪ. ಎರಡಕ್ಕೂ ಮೇಲೆ ಕೆಲವೊಮ್ಮೆ ಮಸುಕಾದ ಮೂರನೆಯ ಬ್ಯಾಂಡು ಬರುತ್ತದೆ. ಅದು ಎರಡೂ ರೂಪಗಳ ಎಳೆಗಳು ಹೆಣೆದುಕೊಂಡು ಆದದ್ದು ಎಂದು ಲ್ಯಾಬಿನ ಹಿರಿಯರು ವಿವರಿಸಿದ ಮೇಲೆಯೇ ನನಗೆ ನೆಮ್ಮದಿಯಾಯಿತು. ಪ್ರೋಟೀನ್ ಮಡಿಚುವಿಕೆಯನ್ನು ಕೆಡಿಸುವ ಟ್ಯೂನಿಕಾಮೈಸಿನ್‌ನಿಂದ ಅಥವಾ ಥಾಪ್ಸಿಗಾರ್ಜಿನ್‌ನಿಂದ ಒತ್ತಡ ಕೊಟ್ಟ ಕೋಶಗಳಲ್ಲಿ ಕೆಳಗಿನ ಬ್ಯಾಂಡು ಕೆಲವೇ ಗಂಟೆಗಳಲ್ಲಿ ದಟ್ಟವಾಗುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಅದಲ್ಲ. ಹೊರಗಿನಿಂದ ಯಾವ ವಿಷವನ್ನೂ ಕೊಡದೆ, ಕೇವಲ ಹಾರ್ಮೋನ್ ಕೊಟ್ಟ ಕೋಶಗಳಲ್ಲಿಯೂ ಕೆಳಗಿನ ಬ್ಯಾಂಡು ಹೆಚ್ಚಿತ್ತು. ಓಸ್ಲೋದ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದು ಇದನ್ನೇ: ಪುರುಷ ಹಾರ್ಮೋನ್ ಐಆರ್‌ಇ1ರ ದಾರಿಯನ್ನು ತೆರೆಯುತ್ತದೆ, ಅದೇ ಹೊತ್ತಿಗೆ ಪರ್ಕ್‌ನ ದಾರಿಯನ್ನು ತಗ್ಗಿಸುತ್ತದೆ. ಅಂದರೆ ಕ್ಯಾನ್ಸರ್ ಕೋಶ ತನ್ನ ವೇಗದ ಬೆಳವಣಿಗೆಗೆ ಬೇಕಾದಷ್ಟು ರಕ್ಷಣೆಯನ್ನು ಮಾತ್ರ ಆರಿಸಿಕೊಳ್ಳುತ್ತದೆ, ತಯಾರಿಕೆಗೆ ಬೀಳುವ ತಡೆಯನ್ನು ದೂರವಿಡುತ್ತದೆ. ಅದೇ ತಂಡ 2019ರಲ್ಲಿ, ಈ ಐಆರ್‌ಇ1ರ ದಾರಿ ಮಿಕ್ ಎಂಬ ಪ್ರಬಲ ಕ್ಯಾನ್ಸರ್ ಜೀನಿಗೂ ಬೆಂಬಲ ಕೊಡುತ್ತದೆ ಎಂದು ತೋರಿಸಿತು.

ಓದಿ ತಿಳಿದದ್ದು ಕೈಯಲ್ಲಿನ ಜೆಲ್ಲಿನಲ್ಲಿ ಕಂಡಾಗ ವಿಷಯದ ಮೇಲಿನ ನಂಬಿಕೆಯೇ ಬೇರೆ ಬಗೆಯದಾಗುತ್ತದೆ.

ಹಾರ್ಮೋನಿಲ್ಲದೆ ದೀರ್ಘಕಾಲ ಬಿಟ್ಟ ಫ್ಲಾಸ್ಕುಗಳು ಬೇರೆಯದೇ ಪಾಠ ಹೇಳಿದವು. ವಾರ ಕಳೆಯುತ್ತಿದ್ದಂತೆ ಕೋಶಗಳ ವಿಭಜನೆ ನಿಂತಂತಾಯಿತು. ಸೂಕ್ಷ್ಮದರ್ಶಕದಲ್ಲಿ ಅವುಗಳ ದೇಹ ಚಿಕ್ಕದಾಗಿ ಉಂಡೆಗಟ್ಟಿ, ಎರಡೂ ತುದಿಗಳಿಂದ ಉದ್ದನೆಯ ಸಪುರ ಎಳೆಗಳು ಹೊರಟು, ಪಕ್ಕದ ಕೋಶದವರೆಗೂ ಚಾಚಿದ್ದವು. ಇವು ಪ್ರಾಸ್ಟೇಟ್ ಕೋಶಗಳೆಂದು ಗೊತ್ತಿಲ್ಲದವರಿಗೆ ತೋರಿಸಿದ್ದರೆ ನರಕೋಶಗಳೆಂದೇ ಹೇಳುತ್ತಿದ್ದರು. ನರಕೋಶಗಳಲ್ಲಿ ಕಾಣುವ ಕೆಲವು ಪ್ರೋಟೀನುಗಳು ಇವುಗಳಲ್ಲಿಯೂ ಹೆಚ್ಚಾಗುತ್ತವೆ. ರೋಗಿಗಳಲ್ಲಿಯೂ ಹಾರ್ಮೋನ್ ಚಿಕಿತ್ಸೆಯ ನಂತರ ಕೆಲವೊಮ್ಮೆ ಇಂಥದ್ದೇ ಗುಣಗಳ, ಹಾರ್ಮೋನನ್ನು ಅವಲಂಬಿಸದ ಉಗ್ರ ಸ್ವರೂಪದ ಕಾಯಿಲೆ ಹುಟ್ಟುತ್ತದೆ. ಫ್ಲಾಸ್ಕಿನ ಕೋಶಗಳಿಗೆ ಹಾರ್ಮೋನನ್ನು ಮರಳಿ ಕೊಟ್ಟರೆ ಎಳೆಗಳು ಹಿಂದಕ್ಕೆ ಸರಿದು ಮತ್ತೆ ವಿಭಜನೆ ಶುರುವಾಗುತ್ತದೆ. ಅಷ್ಟು ದಿನ ಅವು ಸತ್ತಿರಲಿಲ್ಲ, ತಮ್ಮ ಖರ್ಚನ್ನು ತಗ್ಗಿಸಿಕೊಂಡು ಕಾಯುತ್ತಿದ್ದವು.

ಇದೇ ಸಮಯದಲ್ಲಿ ಗಿರಿನಗರದಲ್ಲಿರುವ ನನ್ನ ಸೋದರಮಾವನಿಗೆ ಬೆನ್ನುನೋವೆಂದು ಶುರುವಾದದ್ದು ಪಿಎಸ್‌ಎ, ಬಯಾಪ್ಸಿ, ಬೋನ್ ಸ್ಕ್ಯಾನ್‌ಗಳನ್ನು ದಾಟಿ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ತೀರ್ಮಾನವಾಯಿತು. ವೃಷಣಗಳ ಕೆಲಸವನ್ನು ನಿಲ್ಲಿಸಲು ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಜೊತೆಗೆ ದಿನವೂ ಅಬಿರಾಟೆರೋನ್ ಮತ್ತು ಪ್ರೆಡ್ನಿಸೊಲೋನ್ ಮಾತ್ರೆ ಎಂದು ವೈದ್ಯರು ಬರೆದುಕೊಟ್ಟರು. ಮೈ ಬಿಸಿಯೇರುವುದು, ಆಯಾಸ ಇವುಗಳ ನಡುವೆಯೂ ಮಾವ ಪ್ರತಿ ವರದಿಯನ್ನೂ ಫೈಲಿನಲ್ಲಿ ಜೋಡಿಸಿಟ್ಟುಕೊಂಡು ನನ್ನನ್ನು ಕರೆಸಿ ಕೇಳುತ್ತಿದ್ದರು. ಪಿಎಸ್‌ಎ ಬಹಳ ಕೆಳಗಿಳಿದ ದಿನ ಅವರು ಕೇಳಿದ ಪ್ರಶ್ನೆ ಇದು: "ಸೊನ್ನೆ ಹತ್ರ ಬಂದಿದೆ ಕಣಮ್ಮ. ಹಾಗಂದ್ರೆ ಅವೆಲ್ಲ ಸತ್ತುಹೋದವು ಅಂತ ತಾನೇ? ಮತ್ತೆ ಈ ಮಾತ್ರೆ ಇನ್ನೂ ಯಾಕೆ?"

ಅದಕ್ಕೆ ಉತ್ತರ ನನ್ನ ಕೆಲಸದ ಮೇಜಿನ ಮೇಲೆಯೇ ಇತ್ತು. ಪಿಎಸ್‌ಎ ಜೀನ್ ತಾನೇ ಪುರುಷ ಹಾರ್ಮೋನಿನ ಅಪ್ಪಣೆಯಂತೆ ನಡೆಯುವಂಥದ್ದು. ಹಾರ್ಮೋನ್ ನಿಲ್ಲಿಸಿದ ಫ್ಲಾಸ್ಕಿನ ಮೀಡಿಯಂನಲ್ಲಿ ಪಿಎಸ್‌ಎ ಅಳೆದರೆ ಅದು ಬಹಳ ಇಳಿದಿರುತ್ತದೆ; ಅದೇ ಫ್ಲಾಸ್ಕಿನ ಕೋಶಗಳಿಗೆ ಟ್ರಿಪಾನ್ ನೀಲಿಯನ್ನು ಸೇರಿಸಿ ಗಾಜಿನ ಎಣಿಕೆ ಚೌಕದಲ್ಲಿ ನೋಡಿದರೆ ನೀಲಿ ಹೀರಿಕೊಂಡ ಸತ್ತ ಕೋಶಗಳು ಅಲ್ಲೊಂದು ಇಲ್ಲೊಂದು, ಉಳಿದವೆಲ್ಲ ಬಣ್ಣ ಹತ್ತದೆ ಹೊಳೆಯುತ್ತಿರುತ್ತವೆ. ಮಾವನಿಗೆ ಇದನ್ನು ಹೇಳುವಾಗ ಧೈರ್ಯಗೆಡಿಸದಂತೆ ಹೇಳಬೇಕಿತ್ತು, ಆದರೆ ಸುಳ್ಳು ಹೇಳಬಾರದಿತ್ತು. ಪಿಎಸ್‌ಎ ಚೆನ್ನಾಗಿ ಇಳಿದವರು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತಾರೆ, ಆದ್ದರಿಂದ ಅದು ನಿಜಕ್ಕೂ ಸಂತೋಷದ ಸುದ್ದಿ. ಆದರೆ ಅದು ಸತ್ತವರ ಲೆಕ್ಕವಲ್ಲ, ಹಾರ್ಮೋನಿನ ಆಜ್ಞೆ ನಿಂತಿದೆ ಎಂಬುದರ ಸೂಚನೆ ಎಂದು ತಿಳಿಸಿದೆ. ಮಾತ್ರೆ ಮುಂದುವರಿಯಬೇಕಾದ ಕಾರಣವೂ ಅಲ್ಲಿಯೇ ಇದೆ. ವೃಷಣಗಳನ್ನು ಸುಮ್ಮನಾಗಿಸಿದರೂ ಅಡ್ರಿನಲ್ ಗ್ರಂಥಿಗಳಲ್ಲಿ ಮತ್ತು ಗೆಡ್ಡೆಯಲ್ಲಿಯೇ ಸ್ವಲ್ಪ ಹಾರ್ಮೋನ್ ತಯಾರಾಗುತ್ತದೆ. ಅಬಿರಾಟೆರೋನ್ ಅದನ್ನು ತಡೆಯುತ್ತದೆ. ಹಿಂದೆ ಇದನ್ನು ಕಾಯಿಲೆ ಮರಳಿದ ಮೇಲೆ ಕೊಡುತ್ತಿದ್ದರು. ಆರಂಭದಲ್ಲಿಯೇ ಇಂಜೆಕ್ಷನ್ ಜೊತೆ ಸೇರಿಸಿದರೆ ಆಯಸ್ಸು ಹೆಚ್ಚುತ್ತದೆ ಎಂದು 2017ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳು ತೋರಿಸಿದವು. ಉಳಿದ ಕೋಶಗಳಿಗೆ ಹೊಂದಿಕೊಳ್ಳಲು ಸಮಯವನ್ನೂ ಆಹಾರವನ್ನೂ ಕೊಡಬಾರದೆಂಬ ನನ್ನ ಫ್ಲಾಸ್ಕುಗಳ ಪಾಠಕ್ಕೆ ಇದು ಹೊಂದುತ್ತದೆ.

ಮನೆಗೆ ಬಂದುಹೋಗುವವರಿಂದ ಇನ್ನೆರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿದ್ದವು. ಚಿಂತೆ ಮಾಡಿದ್ದರಿಂದಲೇ ಕ್ಯಾನ್ಸರ್ ಬಂತೇ ಎಂಬುದು ಒಂದು. ಅದನ್ನು ಕೇಳಿದಾಗಲೆಲ್ಲ ಅತ್ತೆಯ ಮುಖ ಸಪ್ಪಗಾಗುತ್ತಿತ್ತು. ನಾನು ಅಭ್ಯಾಸ ಮಾಡುವ ಒತ್ತಡ ಮಡಿಚಿಕೊಳ್ಳದ ಪ್ರೋಟೀನಿನದು, ಆಮ್ಲಜನಕದ ಕೊರತೆಯದು. ಫ್ಲಾಸ್ಕಿನ ಕೋಶಗಳಿಗೆ ಮನಸ್ಸೂ ಇಲ್ಲ, ಮನೆತನದ ತಾಪತ್ರಯಗಳೂ ಇಲ್ಲ. ಆದರೂ ಆ ಒತ್ತಡ ಅಲ್ಲಿದೆ. ಗೆಡ್ಡೆಯೊಳಗೆ ಬೆಳೆಯುವ ನರಗಳ ಸಂಕೇತಗಳು ಕಾಯಿಲೆಗೆ ನೆರವಾಗುತ್ತವೆ ಎಂದು ಇಲಿಗಳಲ್ಲಿ ನಡೆದ ಅಧ್ಯಯನ 2013ರಲ್ಲಿ ಬಂದಿರುವುದು ನಿಜ, ಆದರೆ ಅದರ ಆಧಾರದ ಮೇಲೆ ಒಬ್ಬ ರೋಗಿಗೆ "ನೀವು ಚಿಂತೆ ಮಾಡಿದ್ದೇ ಕಾರಣ" ಎಂದು ಹೇಳುವುದು ವಿಜ್ಞಾನವೂ ಅಲ್ಲ, ಮನುಷ್ಯತ್ವವೂ ಅಲ್ಲ. ಎರಡನೆಯ ಪ್ರಶ್ನೆ ಆಂಟಿ-ಆಕ್ಸಿಡೆಂಟ್ ಗುಳಿಗೆಗಳದ್ದು. ಒತ್ತಡವೇ ಕಾರಣವಾದರೆ ಒತ್ತಡ ಇಳಿಸುವ ವಿಟಮಿನ್ ನುಂಗಿದರಾಯಿತಲ್ಲ ಎಂಬುದು ಕೇಳುವುದಕ್ಕೆ ಸರಿಯಾಗಿಯೇ ಇದೆ. ಅಮೆರಿಕಾದಲ್ಲಿ 2001ರಲ್ಲಿ ಶುರುವಾದ ಸೆಲೆಕ್ಟ್ ಎಂಬ ಪರೀಕ್ಷೆಯಲ್ಲಿ 35,533 ಆರೋಗ್ಯವಂತ ಪುರುಷರಿಗೆ ಸೆಲೆನಿಯಂ, ವಿಟಮಿನ್ ಇ, ಎರಡೂ ಅಥವಾ ಔಷಧಾಂಶವಿಲ್ಲದ ಗುಳಿಗೆಯನ್ನು ಕೊಟ್ಟು ನೋಡಲಾಯಿತು. ಲಾಭ ಕಾಣದೆ 2008ರಲ್ಲಿ ಗುಳಿಗೆಗಳನ್ನು ನಿಲ್ಲಿಸಲಾಯಿತು. 2011ರಲ್ಲಿ ಬಂದ ಮುಂದಿನ ಲೆಕ್ಕದಲ್ಲಿ ವಿಟಮಿನ್ ಇ ಮಾತ್ರ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚೇ ಕಂಡಿತು. ಕ್ಯಾನ್ಸರ್ ಕೋಶಕ್ಕೂ ಒತ್ತಡದಿಂದ ಬಿಡುಗಡೆ ಬೇಕಿರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಯಾರೋ ಪ್ರೀತಿಯಿಂದ ತಂದುಕೊಟ್ಟಿದ್ದ ಡಬ್ಬಿಯನ್ನು ಮಾವ ವೈದ್ಯರಿಗೆ ತೋರಿಸಿ, ಅವರು ಬೇಡವೆಂದ ಮೇಲೆ ಪಕ್ಕಕ್ಕಿಟ್ಟರು.

ಹಾಗಿದ್ದರೆ ಕೋಶದ ಈ ರಕ್ಷಣೆಯನ್ನೇ ಒಡೆಯಬಾರದೇಕೆ? ಪ್ರಯತ್ನಗಳು ನಡೆದಿವೆ. ಹಾರ್ಮೋನ್ ಗ್ರಾಹಕವನ್ನು ಹಿಡಿದು ಕಾಪಾಡುವ ಎಚ್‌ಎಸ್‌ಪಿ90 ಎಂಬ ಪ್ರೋಟೀನನ್ನು ತಡೆಯುವ ಔಷಧಗಳು ಫ್ಲಾಸ್ಕಿನಲ್ಲಿ ಚೆನ್ನಾಗಿ ಕೆಲಸ ಮಾಡಿದವು, ರೋಗಿಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಒತ್ತಡದಲ್ಲಿ ಹೆಚ್ಚುವ ಕ್ಲಸ್ಟರಿನ್ ಎಂಬ ಪ್ರೋಟೀನಿನ ವಿರುದ್ಧದ ಕಸ್ಟಿರ್ಸೆನ್ ಅನ್ನು ಕೀಮೋಥೆರಪಿಯ ಜೊತೆ ಸೇರಿಸಿ ಮಾಡಿದ ದೊಡ್ಡ ಪರೀಕ್ಷೆಯಲ್ಲಿಯೂ ರೋಗಿಗಳ ಒಟ್ಟಾರೆ ಆಯಸ್ಸು ಹೆಚ್ಚಲಿಲ್ಲ. ಇನ್ನೊಂದು ಕಡೆ, ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು 2018ರಲ್ಲಿ, ಗೆಡ್ಡೆಯನ್ನು ತಡೆಯುವ ಪಿಟೆನ್ ಜೀನ್ ಕಳೆದುಕೊಂಡು ಮಿಕ್ ಹೆಚ್ಚಿಸಿಕೊಂಡ ಉಗ್ರ ಪ್ರಾಸ್ಟೇಟ್ ಕ್ಯಾನ್ಸರ್ ಪರ್ಕ್‌ನ ದಾರಿಯಿಂದ ತನ್ನ ಪ್ರೋಟೀನ್ ತಯಾರಿಕೆಯನ್ನು ತಾನೇ ತಗ್ಗಿಸಿಕೊಂಡು ಬದುಕುತ್ತದೆ, ಆ ತಡೆಯನ್ನು ತೆಗೆದರೆ ಸಾಯುತ್ತದೆ ಎಂದು ಇಲಿಗಳಲ್ಲಿ ತೋರಿಸಿದರು. ಹಾರ್ಮೋನ್ ಪರ್ಕ್‌ನ ದಾರಿಯನ್ನು ತಗ್ಗಿಸುತ್ತದೆ ಎಂದು ಓದಿದ ನನಗೆ ಇದು ಮೊದಲು ವಿರೋಧಾಭಾಸವೆನ್ನಿಸಿತು. ಈಗ ಹಾಗನ್ನಿಸುವುದಿಲ್ಲ. ಕಾಯಿಲೆಯ ಒಂದು ಹಂತದಲ್ಲಿ ಒಂದು ದಾರಿ, ಇನ್ನೊಂದು ಹಂತದಲ್ಲಿ ಇನ್ನೊಂದು. ಯಾವ ರೋಗಿಯ ಗೆಡ್ಡೆ ಯಾವ ದಾರಿಯನ್ನು ಹಿಡಿದಿದೆ ಎಂದು ನೋಡದೆ ಎಲ್ಲರಿಗೂ ಒಂದೇ ಔಷಧ ಕೊಟ್ಟರೆ ಸೋಲುವುದು ಸಹಜ ಎಂದು ನನ್ನ ಅಭಿಪ್ರಾಯ. ಪ್ರಮಾಣ ಮತ್ತು ಅವಧಿಯ ಮಾತೂ ಅಷ್ಟೇ ಮುಖ್ಯ. ಥಾಪ್ಸಿಗಾರ್ಜಿನ್‌ನ ಅತಿ ಕಡಿಮೆ ಪ್ರಮಾಣದಲ್ಲಿ ಕೋಶ ಸುಧಾರಿಸಿಕೊಳ್ಳುತ್ತದೆ. ಪ್ರಮಾಣ ಏರಿಸಿ ಎರಡು ಮೂರು ದಿನ ಬಿಟ್ಟರೆ ಚಾಪ್ ಎಂಬ ಪ್ರೋಟೀನ್ ಏರಿ ಕೋಶ ಸಾಯುತ್ತದೆ.

ಅದಕ್ಕಾಗಿಯೇ ಫ್ಲಾಸ್ಕಿನಿಂದ ರೋಗಿಗಳ ಗೆಡ್ಡೆಯ ತುಂಡುಗಳ ಕಡೆಗೆ ನಮ್ಮ ಕೆಲಸ ತಿರುಗಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪ್ರಾಸ್ಟೇಟ್‌ನಿಂದ ರೋಗನಿರ್ಣಯಕ್ಕೆ ಬೇಕಾದದ್ದನ್ನು ಪೆಥಾಲಜಿಯವರು ತೆಗೆದುಕೊಂಡ ಮೇಲೆ ಉಳಿಯುವ ಸಣ್ಣ ಚೂರನ್ನು, ರೋಗಿಯ ಒಪ್ಪಿಗೆ ಇದ್ದರೆ ಮಾತ್ರ, ನಾವು ಪಡೆಯುತ್ತೇವೆ. ನೈತಿಕ ಸಮಿತಿಯ ಮುಂದೆ ಅರ್ಜಿ, ಕನ್ನಡದಲ್ಲಿ ಮಾಹಿತಿ ಪತ್ರ, ಸಹಿ ಅಥವಾ ಹೆಬ್ಬೆಟ್ಟು, ಸಾಕ್ಷಿಯ ಸಹಿ ಎಲ್ಲವೂ ಬೇಕು. ಆ ಪತ್ರವನ್ನು ಓದಿ ಹೇಳುವ ಕೆಲಸ ಹೆಚ್ಚಾಗಿ ನನಗೇ ಬರುತ್ತಿತ್ತು. ಕೋಲಾರದ ಕಡೆಯಿಂದ ಬಂದಿದ್ದ ವಯಸ್ಸಾದ ರೈತರೊಬ್ಬರು ಪೂರ್ತಿ ಕೇಳಿಸಿಕೊಂಡು, "ನನ್ನಿಂದ ತೆಗ್ದಿದ್ದು ನಿಮ್ಮತ್ರ ಬದ್ಕಿರ್ತದಾ ಮೇಡಂ?" ಎಂದು ಕೇಳಿದರು. ಕೆಲವು ದಿನ ಮಾತ್ರ ಎಂದೆ. "ಅಷ್ಟ್ರಲ್ಲಿ ನಿಮ್ಗೆ ಬೇಕಾದ್ದು ಗೊತ್ತಾಗ್ತದಾ?" ಎಂದರು. ಸ್ವಲ್ಪ ಗೊತ್ತಾಗುತ್ತದೆ, ಅದರಿಂದ ನಿಮ್ಮ ಈಗಿನ ಚಿಕಿತ್ಸೆಗೆ ಪ್ರಯೋಜನವಿಲ್ಲ, ಮುಂದೆ ಬರುವವರಿಗೆ ಆಗಬಹುದು ಎಂದು ಪತ್ರದಲ್ಲಿದ್ದುದನ್ನೇ ಹೇಳಿದೆ. ಮಗನ ಕಡೆ ಒಮ್ಮೆ ನೋಡಿ ಸಹಿ ಮಾಡಿದರು.

ಆ ಚೂರುಗಳನ್ನು ಒಂದು ಮಿಲಿಮೀಟರಿನಷ್ಟು ಚಿಕ್ಕದಾಗಿ ಕತ್ತರಿಸಿ, ಮೀಡಿಯಂನಲ್ಲಿ ನೆನೆಸಿದ ಜೆಲಟಿನ್ ಸ್ಪಂಜಿನ ಮೇಲಿಟ್ಟು, ಕೆಲವಕ್ಕೆ ಹಾರ್ಮೋನ್ ಗ್ರಾಹಕವನ್ನು ತಡೆಯುವ ಎಂಜಲ್ಯುಟಮೈಡ್ ಔಷಧವನ್ನು ಕೊಡುತ್ತೇವೆ. ಕೆಲವು ದಿನಗಳ ನಂತರ ಪ್ಯಾರಾಫಿನ್‌ನಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ಒತ್ತಡದ ಗುರುತಾದ ಜಿಆರ್‌ಪಿ78 ಎಂಬ ಪ್ರೋಟೀನಿಗೆ ಬಣ್ಣ ಹಾಕಿ ನೋಡುತ್ತೇವೆ. ಒಂದೇ ಸ್ಲೈಡಿನಲ್ಲಿ, ಒಂದೇ ಔಷಧ ಕಂಡ ಎರಡು ಅಕ್ಕಪಕ್ಕದ ಗ್ರಂಥಿಗಳಲ್ಲಿ ಒಂದು ಕಡು ಕಂದು, ಇನ್ನೊಂದು ಬಹುತೇಕ ಬಿಳಿ ಇರುವುದನ್ನು ನಾನು ಪದೇ ಪದೇ ಕಂಡಿದ್ದೇನೆ. ಎಲ್‌ಎನ್‌ಕ್ಯಾಪ್‌ನ ಫ್ಲಾಸ್ಕಿನಲ್ಲಿ ಇಷ್ಟು ಭೇದ ಕಾಣುವುದಿಲ್ಲ. ಈ ಕಂದು ಗ್ರಂಥಿಗಳ ಕೋಶಗಳೇ ಔಷಧವನ್ನು ತಾಳಿಕೊಂಡು ಉಳಿಯುವವೋ, ಅಥವಾ ಸಾಯುವ ಹಾದಿಯಲ್ಲಿರುವವೋ ಎಂಬುದನ್ನು ಒಂದೇ ಬಣ್ಣದಿಂದ ಹೇಳಲು ಬರುವುದಿಲ್ಲ. ಅದಕ್ಕೆ ಪಕ್ಕದ ಸೀಳುಗಳಲ್ಲಿ ಚಾಪ್ ಮತ್ತು ಕೋಶ ವಿಭಜನೆಯ ಗುರುತುಗಳನ್ನೂ ಜೊತೆಗಿಟ್ಟು ನೋಡಬೇಕು. ಅದಕ್ಕೆ ಬೇಕಾದ, ಆಯಾ ಪ್ರೋಟೀನಿಗೇ ಅಂಟಿ ಗುರುತಿಸುವ ಪ್ರತಿಕಾಯಗಳು ಡ್ರೈ ಐಸ್‌ನಲ್ಲಿ ಬಂದು ವಿಮಾನ ನಿಲ್ದಾಣದಿಂದ ಬಿಡುಗಡೆಯಾಗಿ ಈ ವಾರ ಕೈಸೇರಿವೆ. ಮೊದಲ ಸ್ಲೈಡುಗಳಿಗೆ ಬಣ್ಣ ಹಾಕುವ ಕೆಲಸ ಸೋಮವಾರದಿಂದ ಶುರುವಾಗುತ್ತದೆ.